ಗಣಿಯ ಬದಿಯ ಹಳ್ಳ: ಚಿಕ್ಕನಾಯಕನಹಳ್ಳಿ ಗುಡ್ಡಗಳಲ್ಲಿ ಓಡಾಟ

ಶುಕ್ರವಾರ

ತುಮಕೂರು ಬಿಡುವಾಗ ಆರಿದ್ರಾ ಮಳೆ ಸಣ್ಣಗೆ ಹನಿಯುತ್ತಿತ್ತು. ಗುಬ್ಬಿ, ನಿಟ್ಟೂರು ದಾಟಿ ಕೆ.ಬಿ. ಕ್ರಾಸ್‌ನಲ್ಲಿ ಬಲಕ್ಕೆ ತಿರುಗಿದೆವು. ಅಲ್ಲಿಂದ ಮುಂದಕ್ಕೆ ಎರಡೂ ಕಡೆ ತೆಂಗಿನ ತೋಟ. ನಡುನಡುವೆ ಬಿಡಿಸಲು ಬಂದ ಹೆಸರಿನ ಹೊಲ. ಚಿಕ್ಕನಾಯಕನಹಳ್ಳಿ ಹತ್ತಿರವಾದಂತೆ ಗುಡ್ಡಗಳ ಸಾಲು ಕಾಣಿಸಿತು, ಅದರ ಮೈಮೇಲೆ ಹಸಿರು ಇಲ್ಲದ ಕೆಂಪು ಮೆಟ್ಟಿಲುಗಳೂ ಕಂಡವು.

ಬಂದ ಕೆಲಸ ಇಷ್ಟು. ಅಲ್ಲಿಯ ಒಂದು ಕಬ್ಬಿಣದ ಅದಿರಿನ ಗಣಿಗಾಗಿ ಹಳ್ಳವೊಂದನ್ನು ಅದರ ಪಾತ್ರದಿಂದ ಎತ್ತಿ ಪಕ್ಕಕ್ಕೆ ಹರಿಸಿದ್ದಾರೆ. ಆಗಿ ಬಹಳ ವರ್ಷಗಳಾಗಿವೆ. ಆ ಹೊಸ ಪಾತ್ರ ಈಗ ಕುಸಿಯುತ್ತಿದೆ, ಕೆಳಗಿನ ಕೆರೆಗೆ ಹೂಳು ತುಂಬುತ್ತಿದೆ. ಅದನ್ನು ಮತ್ತೆ ನೆಲೆಗೆ ತರುವುದು ಹೇಗೆಂದು ನೋಡಿ, ಅಳೆದು, ವಿನ್ಯಾಸ ಬರೆದುಕೊಡಬೇಕು. ಪರಿಹಾರದ ಮಾತುಕತೆ ಇನ್ನೂ ನಡೆಯುತ್ತಿರುವುದರಿಂದ ಗಣಿಯ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಜೊತೆಗೆ ಬಂದವರು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ನಮ್ಮ ಮೇಷ್ಟ್ರು, ಮತ್ತೆ ಪಾಲಿಟೆಕ್ನಿಕ್ ಮುಗಿಸಿ ಸರ್ವೆ ಕೆಲಸಕ್ಕೆ ಸೇರಿರುವ ಹುಡುಗ.

ಈ ಸೀಮೆಯ ಗಣಿ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಗದಗದ ಕಡೆಯಿಂದ ಚಿತ್ರದುರ್ಗದ ಮೇಲೆ ಹಾದು ಶ್ರೀರಂಗಪಟ್ಟಣದವರೆಗೆ ಚಾಚಿರುವ ಹಳೆಯ ಶಿಲಾಪಟ್ಟಿಯೊಂದು ಈ ತಾಲ್ಲೂಕಿನ ನಡುವೆಯೇ ಹೋಗುತ್ತದೆ. ಕಬ್ಬಿಣ, ಮ್ಯಾಂಗನೀಸ್, ಸುಣ್ಣಕಲ್ಲು ಎಲ್ಲ ಸಿಗುವುದು ಅದರಲ್ಲೇ. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿದ ಸುಪ್ರೀಂ ಕೋರ್ಟ್, ಆಗಸ್ಟ್ 26ರಂದು ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಗಣಿಗಳ ಎ, ಬಿ, ಸಿ ವಿಂಗಡಣೆಯನ್ನು ಒಪ್ಪಿ, ಅಕ್ರಮ ವಿಪರೀತವಾಗಿದ್ದ ಸಿ ವರ್ಗದ ಗುತ್ತಿಗೆಗಳನ್ನು ರದ್ದು ಮಾಡಿತು. ಉಳಿದವರು ಮತ್ತೆ ಕೆಲಸ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಆರ್ ಅಂಡ್ ಆರ್ ಪ್ಲಾನ್, ಅಂದರೆ ಕೆಟ್ಟ ನೆಲವನ್ನು ಸರಿಪಡಿಸುವ ಯೋಜನೆ, ಕಡ್ಡಾಯವಾಯಿತು. ಡೆಹ್ರಾಡೂನಿನ ಅರಣ್ಯ ಸಂಶೋಧನಾ ಮಂಡಳಿಯವರು ಅವನ್ನು ತಯಾರಿಸಿದರು. ಡಂಪಿನ, ಅಂದರೆ ಗಣಿ ಅಗೆದು ಸುರಿದ ಮಣ್ಣಿನ ಗುಡ್ಡೆಯ, ಬುಡಕ್ಕೆ ಟೋ ವಾಲ್ ಎಂಬ ತಡೆಗೋಡೆ, ಸುತ್ತ ನೀರು ಹಿಡಿಯುವ ಗಾರ್ಲ್ಯಾಂಡ್ ಡ್ರೈನ್, ಕೊರಕಲಿಗೆ ಗಲ್ಲಿ ಪ್ಲಗ್ ಎಂಬ ಅಡ್ಡಕಟ್ಟು, ಹಳ್ಳಕ್ಕೆ ಚೆಕ್ ಡ್ಯಾಂ ಎಂಬ ಮಾತುಗಳು ಈ ಊರುಗಳ ಬಾಯಿಗೆ ಬಂದದ್ದು ಆಗಲೇ.

ರಾತ್ರಿ ಲಾಡ್ಜಿನ ಮಂಚದ ಮೇಲೆ ಸರ್ವೆ ಆಫ್ ಇಂಡಿಯಾ ಟೋಪೋಶೀಟು, ಪಕ್ಕದಲ್ಲಿ ಕಂದಾಯ ಇಲಾಖೆಯ ಗ್ರಾಮ ನಕ್ಷೆ ಹರಡಿಕೊಂಡು ಕೂತೆವು. ಗ್ರಾಮ ನಕ್ಷೆಯಲ್ಲಿ ಹಳ್ಳ ಸ್ಪಷ್ಟವಾಗಿದೆ. ಬಾಗುತ್ತ ಬಳುಕುತ್ತ ಸರ್ವೆ ನಂಬರುಗಳ ನಡುವೆ ಇಳಿದು ಕೆರೆ ಸೇರುತ್ತದೆ. ಅದು ಬಿ ಖರಾಬು, ಎಂದರೆ ಸಾರ್ವಜನಿಕರದು. ದಾರಿಯ ಹಾಗೆ, ಸ್ಮಶಾನದ ಹಾಗೆ ಯಾರೂ ಉಳುವಂತಿಲ್ಲ. ಮೇಷ್ಟ್ರು ಪೆನ್ಸಿಲಿನಲ್ಲಿ ಡಂಪಿನ ಅಂಚು ಎಳೆದರು. ಹಳ್ಳದ ನಡುಭಾಗವೆಲ್ಲ ಅದರ ಕೆಳಗೆ ಹೋಯಿತು. ಈಗ ನೀರು ಹರಿಯುವ ಪಾತ್ರಕ್ಕೆ ನಕ್ಷೆಯಲ್ಲಿ ಒಂದು ಗೆರೆಯೂ ಇಲ್ಲ.

ಶನಿವಾರ

ಗಣಿಯ ಕಡೆ ಹೋಗದೆ ಮೊದಲು ಅದರ ಮೇಲ್ಭಾಗಕ್ಕೆ ಹತ್ತಿದೆವು. ಹಾಳಾದ ಹಳ್ಳವನ್ನು ರಿಪೇರಿ ಮಾಡುವವರು ಮೊದಲು ನೋಡಬೇಕಾದದ್ದು ಹಾಳಾಗದ ಹಳ್ಳವನ್ನು. ಅದೇ ಗುಡ್ಡ, ಅದೇ ಮಳೆ, ಅದೇ ಕಲ್ಲು. ಎಷ್ಟು ಅಗಲ, ಎಷ್ಟು ಇಳಿಜಾರು, ಎಲ್ಲಿ ತಿರುವು ಎಂಬುದನ್ನು ನೀರೇ ಎಷ್ಟೋ ಕಾಲದಿಂದ ಒರೆಗೆ ಹಚ್ಚಿ ಇಟ್ಟಿರುತ್ತದೆ.

ಗಣಿಯ ಗಡಿಕಲ್ಲಿನಿಂದ ಮೇಲೆ ಹಳ್ಳ ಇನ್ನೂ ಹಳ್ಳವಾಗಿಯೇ ಇದೆ. ದಡದಲ್ಲಿ ಈಚಲು, ಹೊಂಗೆ, ಕಾಲಿಗೆ ತೊಡರುವ ಲಕ್ಕಿ ಗಿಡ. ಆಗಾಗ ಒಂದು ಅತ್ತಿ ಮರ. ತಳದಲ್ಲಿ ನೀರಿಲ್ಲ, ಆದರೆ ಮಡುಗಳಲ್ಲಿ ಮರಳು ಒದ್ದೆಯಾಗಿತ್ತು, ದನದ ಗೊರಸಿನ ಗುರುತುಗಳಲ್ಲಿ ನೀರು ನಿಂತಿತ್ತು. ಹುಡುಗ ಸ್ಟಾಫ್, ಅಂದರೆ ಅಳತೆಯ ಕೋಲು, ಹಿಡಿದು ಒಂದೊಂದೇ ತಿರುವಿಗೆ ಇಳಿದ. ನಾನು ಲೆವೆಲ್ ಯಂತ್ರದಲ್ಲಿ ನೋಡಿ ಬರೆದುಕೊಂಡೆ.

ಮೇಷ್ಟ್ರು ತಳದಲ್ಲಿ ಕುಕ್ಕರುಗಾಲಲ್ಲಿ ಕೂತು ನಮ್ಮಿಬ್ಬರನ್ನೂ ಕರೆದರು. ಅಲ್ಲಿ ಅಂಗೈ ಅಗಲದ ಚಪ್ಪಟೆ ಕಲ್ಲುಗಳು ಒಂದರ ಬೆನ್ನಿಗೊಂದು ಒರಗಿ ಮಲಗಿದ್ದವು. ಎಲ್ಲದರ ಇಳಿಜಾರೂ ನೀರು ಬರುವ ದಿಕ್ಕಿಗೇ. ಒಂದರ ಅಂಚು ಇನ್ನೊಂದರ ಅಡಿಗೆ ಸಿಕ್ಕಿಕೊಂಡಿದೆ. "ಒಂದು ಕಿತ್ತು ನೋಡಪ್ಪ" ಎಂದರು ಹುಡುಗನಿಗೆ. ಅವನು ಉಗುರು ಹಾಕಿ ಎಳೆದ, ಬರಲಿಲ್ಲ. ಕೋಲು ತಂದು ಮೀಟಿದ ಮೇಲೆ ಒಂದು ಸಡಿಲವಾಯಿತು. ಅದರ ಕೆಳಗೆ ಸಣ್ಣ ಕಲ್ಲು, ಅದರ ಕೆಳಗೆ ಮರಳು, ಮರಳಿನ ನಡುವೆ ಈಚಲಿನ ಬೇರಿನ ಕೆಂಪು ಎಳೆಗಳು. "ಸಾವಿರ ಪ್ರವಾಹ ಜೋಡಿಸಿದ ನೆಲಗಟ್ಟು ಇದು. ಜೆಸಿಬಿ ಅರ್ಧ ದಿವಸದಲ್ಲಿ ಕಿತ್ತುಹಾಕುತ್ತೆ, ಮತ್ತೆ ಜೋಡಿಸೋಕೆ ಅದಕ್ಕೆ ಬರಲ್ಲ" ಎಂದರು. ಅಳತೆ ಪುಸ್ತಕದ ಅಂಚಿನಲ್ಲಿ ಇದನ್ನು ಬರೆದುಕೊಂಡೆ. ಹೊಸ ಪಾತ್ರ ತೋಡುವವರು ಅಡ್ಡಕೊಯ್ತದ ನಕ್ಷೆ ಬರೆಯುತ್ತಾರೆ. ಈ ತಳದ ಬಗ್ಗೆ ಬರೆಯುವುದೇ ಇಲ್ಲ.

ಹತ್ತೂವರೆ ಹೊತ್ತಿಗೆ ಗಡಿಕಲ್ಲಿನಿಂದ ಕೆಳಗಿಳಿದೆವು. ದಡದ ಚಹರೆ ಬದಲಾಗತೊಡಗಿತು. ಈಚಲಿನ ಬೇರುಗಳು ಗಾಳಿಯಲ್ಲಿ ನೇತಾಡುತ್ತಿದ್ದವು, ತಳ ಎರಡಾಳು ಕೆಳಗೆ ಇಳಿದಿತ್ತು. ಇಷ್ಟು ಮೇಲೆ ಯಾರೂ ತೋಡಿಲ್ಲ. ಕೆಳಗೆ ಪಾತ್ರವನ್ನು ನೆಟ್ಟಗೆ ಮಾಡಿದ್ದರ ಪೆಟ್ಟು ಮೇಲಕ್ಕೆ ಹತ್ತಿಕೊಂಡು ಬಂದಿದೆ. ನೆಟ್ಟಗಾದ ಹಳ್ಳ ಕಡಿದಾಗುತ್ತದೆ, ಕಡಿದಾದ ಕಡೆ ನೀರು ತಳ ಕೊರೆಯುತ್ತದೆ, ಕೊರೆದ ಮೆಟ್ಟಿಲು ಪ್ರತಿ ಮಳೆಗೂ ಒಂದಿಷ್ಟು ಹಿಂದಕ್ಕೆ, ಅಂದರೆ ಮೇಲ್ಹರಿವಿನ ಕಡೆಗೆ ಸರಿಯುತ್ತದೆ. ಗಟ್ಟಿ ಬಂಡೆ ಸಿಗುವವರೆಗೂ ನಿಲ್ಲುವುದಿಲ್ಲ.

ಹೊಸ ಪಾತ್ರದ ಆರಂಭದಲ್ಲಿ ಇಬ್ಬದಿಗೂ ಕಲ್ಲು ಹಾಸಿ ಸಿಮೆಂಟ್ ಬಳಿದಿದ್ದಾರೆ. ಸುಮಾರು 300 ಮೀಟರ್ ಅಚ್ಚುಕಟ್ಟಾದ ಕಾಲುವೆ. ಆಮೇಲೆ ಕಾಂಕ್ರೀಟು ಥಟ್ಟನೆ ಮುಗಿಯುತ್ತದೆ. ಅದು ಮುಗಿಯುವ ಜಾಗದಲ್ಲಿ ಒಂದು ಗುಂಡಿ. ಹುಡುಗ ಐದು ಮೀಟರಿನ ಸ್ಟಾಫ್ ಇಳಿಬಿಟ್ಟರೆ ಮೇಲೆ ಒಂದು ಗೇಣು ಮಾತ್ರ ಉಳಿಯಿತು. ಕಾಂಕ್ರೀಟಿನ ಕೊನೆಯ ಹಲಗೆ ಅಡಿಯಲ್ಲಿ ಆಧಾರವಿಲ್ಲದೆ ಅಡ್ಡಡ್ಡ ಬಿರುಕು ಬಿಟ್ಟಿದೆ. ನುಣುಪಾದ ಕಾಲುವೆಯಲ್ಲಿ ನೀರಿಗೆ ಸೋಲುವುದಕ್ಕೆ ಜಾಗವಿಲ್ಲ. ತನ್ನ ಬಲವನ್ನೆಲ್ಲ ಉಳಿಸಿಕೊಂಡು ಬಂದು ಬರೀ ಮಣ್ಣು ಸಿಕ್ಕ ಮೊದಲ ಜಾಗದಲ್ಲಿ ಸುರಿಯುತ್ತದೆ. ಕಾಂಕ್ರೀಟನ್ನು ಇನ್ನೂ 100 ಮೀಟರ್ ಮುಂದುವರಿಸಿ ಎಂದು ಯಾರೋ ಸಲಹೆ ಕೊಟ್ಟಿದ್ದಾರಂತೆ. ಗುಂಡಿ 100 ಮೀಟರ್ ಮುಂದೆ ಹೋಗಿ ಕೂರುತ್ತದೆ, ಅಷ್ಟೇ.

ಅಲ್ಲಿ ಮೇಕೆ ಮೇಯಿಸುತ್ತಿದ್ದ ತಾತ ನಮ್ಮನ್ನು ನೋಡಿ ಹತ್ತಿರ ಬಂದರು. ಒಂದು ಕಾಲದಲ್ಲಿ ಕೆಳಗಿನ ಕೆರೆಗೆ ನೀರುಗಂಟಿ.

"ಹಳ್ಳ ಅಳೀತೀರಾ ತಾಯಿ?"

"ಹೂಂ ತಾತ."

"ಇದಲ್ಲ ಹಳ್ಳ. ಹಳ್ಳ ಅಗೋ, ಆ ಮಣ್ಣಿನ ಗುಡ್ಡೆ ಕೆಳ್ಗೈತೆ. ಮಳೆಗಾಲ್ದಾಗೆ ಈಗ್ಲೂ ಅದ್ರ ಬುಡ್ದಾಗೆ ನೀರು ಒಸರ್ತೈತೆ, ಬಂದು ನೋಡಿ."

ಹೋಗಿ ನೋಡಿದೆವು. ಡಂಪಿನ ಟೋ ವಾಲಿನ ಒಂದು ಭಾಗ ಹೊರಕ್ಕೆ ಉಬ್ಬಿಕೊಂಡಿತ್ತು, ಅದರ ಸಂದಿನಿಂದ ಜಿನುಗಿದ ನೀರಿಗೆ ಪಾಚಿ ಕಟ್ಟಿತ್ತು. ತಾತ ಹೇಳಿದ ಜಾಗ ಗ್ರಾಮ ನಕ್ಷೆಯ ಗೆರೆಗೆ ಸರಿಯಾಗಿ ಕೂತಿತು. ಮೇಲಿನ ಹರಿವನ್ನು ತಿರುಗಿಸಿದ ಮಾತ್ರಕ್ಕೆ ಹಳೆಯ ಪಾತ್ರದ ಮರಳಿನಲ್ಲಿ ಒಳಗೊಳಗೇ ಹೋಗುವ ನೀರು ದಾರಿ ಬಿಡುವುದಿಲ್ಲ. ಅದರ ಮೇಲೆ ಡಂಪು ಸುರಿದರೆ ಡಂಪಿನ ಬುಡ ಯಾವಾಗಲೂ ತೇವ, ತೇವವಾದ ಬುಡ ಜಾರುತ್ತದೆ. ಹಳ್ಳ ತಿರುಗಿಸುವ ಜಾಗದಲ್ಲಿ ಬಂಡೆಯವರೆಗೆ ಅಗೆದು ಜೇಡಿಮಣ್ಣಿನ ಅಡ್ಡಗೋಡೆ ಹಾಕಬೇಕಿತ್ತು, ಹಳೆಯ ಪಾತ್ರಕ್ಕೆ ದಪ್ಪ ಕಲ್ಲು ತುಂಬಿ ನೀರು ಹೊರಹೋಗಲು ಬಿಡಬೇಕಿತ್ತು. ಎರಡೂ ಆಗಿಲ್ಲ. ಗಾರ್ಲ್ಯಾಂಡ್ ಡ್ರೈನೂ ಸೆಟ್ಲಿಂಗ್ ಟ್ಯಾಂಕೂ ಇವೆ, ಎರಡೂ ಅಂಚಿನವರೆಗೆ ಕೆಂಪು ರಾಡಿಯಿಂದ ತುಂಬಿವೆ. ತುಂಬಿದ ಸೆಟ್ಲಿಂಗ್ ಟ್ಯಾಂಕು ಹೂಳನ್ನು ತಡೆಯಲಾರದು.

ಮಧ್ಯಾಹ್ನ ತಾತನ ಮನೆಯಲ್ಲೇ ಮುದ್ದೆ, ಹೊಸ ಹೆಸರುಕಾಳಿನ ಬಸ್ಸಾರು. ಬೇಡ ಎಂದರೂ ಅವರ ಸೊಸೆ ಬಿಡಲಿಲ್ಲ. ಉಂಡು ಕೆರೆಗೆ ಹೋದೆವು.

ಕೆರೆಯ ಬಾಲದಲ್ಲಿ, ಹಳ್ಳ ಬಂದು ಸೇರುವ ಕಡೆ, ಹುಡುಗ ಸೊಂಟದುದ್ದ ಗುಂಡಿ ತೋಡಿದ. ಗುಂಡಿಯ ಗೋಡೆಯನ್ನು ಬಾಣಲಿಯ ಅಂಚಿನಿಂದ ನಯವಾಗಿ ಕೆರೆದಾಗ ಪದರಗಳು ಕಂಡವು. ತಳದಲ್ಲಿ ಕಪ್ಪು ಗೋಡು, ಬೆರಳಲ್ಲಿ ಹೊಸೆದರೆ ಜಿಗುಟು. ಅದರ ಮೇಲೆ ಥಟ್ಟನೆ ಗೆರೆ ಎಳೆದಂತೆ ಕೆಂಪು. ಕೆಂಪಿನೊಳಗೂ ಸಣ್ಣ ಪದರಗಳು: ಒರಟು ಮರಳು, ಮೇಲೆ ನುಣ್ಣನೆ ಧೂಳು, ಮತ್ತೆ ಮರಳು, ಮತ್ತೆ ಧೂಳು. ಒಂದೊಂದೂ ಒಂದೊಂದು ದೊಡ್ಡ ಮಳೆ. ಧೂಳಿನ ಪದರವನ್ನು ಉಗುರಿನಿಂದ ಗೀರಿದರೆ ಸೀಸದ ಹೊಳಪು. ಅದಿರಿನ ಪುಡಿ ಅದು, ಮಾಮೂಲಿ ಮಣ್ಣಿಗಿಂತ ಕೈಗೆ ಭಾರ.

"ಮೊದ್ಲು ಬೇಸ್ಗೇಲಿ ಗೋಡಿಗೆ ಜಗಳ ಆಗೋದು, ಗಾಡಿ ಮೇಲೆ ಗಾಡಿ" ಎಂದರು ತಾತ. "ಈಗ ಪುಕ್ಸಟ್ಟೆ ಕೊಟ್ರೂ ಬೇಡ. ಈ ಕೆಂಪು ಹೊಲಕ್ಕೆ ಹಾಕಿದ್ರೆ ಒಣಗ್ದಾಗ ಹಂಚಾಗ್ತೈತೆ. ರಾಗಿ ಮೊಳ್ಕೆ ಮ್ಯಾಕೆ ಏಳಲ್ಲ."

ಗೋಡು ಹೊರುವುದು ನಿಂತರೆ ಕೆರೆಯ ಹೂಳೆತ್ತುವುದೂ ನಿಂತಂತೆ. ಬೇರೆ ಊರುಗಳಲ್ಲಿ ರೈತರೇ ತಮ್ಮ ಹೊಲದ ಆಸೆಗೆ ವರ್ಷವರ್ಷ ಮಾಡಿಕೊಂಡು ಬರುವ ಕೆಲಸ ಇಲ್ಲಿ ಸರ್ಕಾರದ ಟೆಂಡರಿಗೆ ಕಾಯುತ್ತದೆ. ಪಕ್ಕದ ತೋಟದ ಅಕ್ಕ ಇನ್ನೊಂದು ದೂರು ಹೇಳಿದರು: ಹಳ್ಳದ ತಳ ಇಳಿದ ಮೇಲೆ ಅವರ ತೆರೆದ ಬಾವಿ ಸಂಕ್ರಾಂತಿಗೇ ಬತ್ತುತ್ತದೆ. ಇದಕ್ಕೂ ಕಾರಣವಿದೆ. ಆಳವಾದ ಹಳ್ಳ ದಡದೊಳಗಿನ ನೀರನ್ನು ತನ್ನ ಕಡೆಗೇ ಎಳೆದುಕೊಳ್ಳುತ್ತದೆ. ಹೂಳಿನ ಲೆಕ್ಕವನ್ನು ಯೋಜನೆಗಳಲ್ಲಿ ಹೇಗೋ ಬರೆಯುತ್ತಾರೆ. ಬಾವಿಯ ಲೆಕ್ಕವನ್ನು ನಾನು ಯಾವ ಗಣಿಯ ಕಾಗದದಲ್ಲೂ ನೋಡಿಲ್ಲ. ಈ ವರದಿಯಲ್ಲಿ ಸೇರಿಸುತ್ತೇನೆ.

ಭಾನುವಾರ

ಬೆಳಿಗ್ಗೆ ಹುಳಿಯಾರಿನ ಕಡೆ ಬೋರನಕಣಿವೆಗೆ ಹೋದೆವು. ಈ ತಾಲ್ಲೂಕಿನ ಗುಡ್ಡಗಳು ಮಳೆನೀರನ್ನು ಎರಡು ಪಾಲು ಮಾಡುತ್ತವೆ. ತೆಂಕಲಿಗೆ ಇಳಿದದ್ದು ಶಿಂಷೆಗೆ ಸೇರಿ ಕಾವೇರಿಗೆ, ಬಡಗಲಿಗೆ ಇಳಿದದ್ದು ಸುವರ್ಣಮುಖಿಯಿಂದ ವೇದಾವತಿಗೆ, ಅಲ್ಲಿಂದ ತುಂಗಭದ್ರೆಗೆ. ಆ ಸುವರ್ಣಮುಖಿಗೆ ಮೈಸೂರು ಅರಸರ ಕಾಲದಲ್ಲಿ ಕಟ್ಟಿದ ಜಲಾಶಯ ಬೋರನಕಣಿವೆ. ನೀರು ಕಡಿಮೆಯಿತ್ತು, ಗಾಳಿ ಜೋರಾಗಿತ್ತು. ಹುಡುಗ ಫೋಟೋ ತೆಗೆದ, ಬುತ್ತಿ ಬಿಚ್ಚಿದೆವು. ಗುಡ್ಡದ ಮೇಲಿನ ಒಂದು ಡಂಪಿನ ಮಣ್ಣು ಕೊನೆಗೆ ಎಲ್ಲಿಯವರೆಗೆ ಹೋಗಬಲ್ಲದು ಎಂದು ಕಾಣುವುದಕ್ಕಾಗಿಯೇ ಮೇಷ್ಟ್ರು ನಮ್ಮನ್ನು ಅಲ್ಲಿಗೆ ಕರೆತಂದಿದ್ದರು.

ಮಧ್ಯಾಹ್ನದ ಮೇಲೆ ಲಾಡ್ಜಿಗೆ ಬಂದು ಲೆಕ್ಕಕ್ಕೆ ಕೂತೆವು. ಹಳೆಯ ಹಳ್ಳ ಆ ಭಾಗದಲ್ಲಿ 1,400 ಮೀಟರ್ ಉದ್ದ ಹರಿದು 9 ಮೀಟರ್ ಇಳಿಯುತ್ತಿತ್ತು. ಹೊಸದು ಅದೇ 9 ಮೀಟರನ್ನು 900 ಮೀಟರಿನಲ್ಲಿ ಇಳಿಯುತ್ತದೆ, ಅಂದರೆ ನೂರಕ್ಕೊಂದು. ಜಲಾನಯನ 2.4 ಚದರ ಕಿಲೋಮೀಟರ್. ಗಂಟೆಗೆ 60 ಮಿಲಿಮೀಟರಿನ ಮಳೆ ಬಿದ್ದು ಅದರಲ್ಲಿ ಅರ್ಧ ಹರಿದುಬಂತು ಎಂದು ಹಿಡಿದರೆ ಸೆಕೆಂಡಿಗೆ 20 ಘನ ಮೀಟರ್ ನೀರು. ಪಾತ್ರದ ಅಗಲ 10 ಮೀಟರ್. ಈಗ ನೀರಿನ ತೂಕ, ಹರಿವು, ಇಳಿಜಾರು ಮೂರನ್ನೂ ಗುಣಿಸಿ ಅಗಲದಿಂದ ಭಾಗಿಸಿದರೆ ತಳದ ಒಂದೊಂದು ಚದರ ಮೀಟರಿನ ಮೇಲೆ ಹರಿವು ಖರ್ಚು ಮಾಡುವ ಶಕ್ತಿ ಸಿಗುತ್ತದೆ. ಹಳೆಯ ಹಳ್ಳದಲ್ಲಿ ಅದು 126 ವ್ಯಾಟ್. ನೆಟ್ಟಗೆ ಮಾಡಿದ ಮೇಲೆ 196.

ಈ ಲೆಕ್ಕವನ್ನು ಗಣಿಗಳ ಹಳ್ಳಗಳಿಗೆ ಗಟ್ಟಿಯಾಗಿ ಹಚ್ಚಿದವರು ಆಸ್ಟ್ರೇಲಿಯಾದವರು. ಕ್ವೀನ್ಸ್‌ಲ್ಯಾಂಡಿನ ಬೋವೆನ್ ಬೇಸಿನ್ ಎಂಬ ಸೀಮೆಯಲ್ಲಿ ಕಲ್ಲಿದ್ದಲಿಗಾಗಿ ಹಲವು ನದಿ ತೊರೆಗಳನ್ನು ಸರಿಸಿದ್ದಾರೆ. ಮೊದಮೊದಲು ತೋಡಿದ ಪಾತ್ರಗಳು ಚಿಕ್ಕವು, ನೆಟ್ಟಗಿನವು, ಕಡಿದಾದವು, ಕೊರೆತ ಶುರುವಾಯಿತು. 2000ದ ಆಸುಪಾಸಿನಲ್ಲಿ ಅಲ್ಲಿಯ ಕಲ್ಲಿದ್ದಲು ಉದ್ಯಮದ ಸಂಶೋಧನಾ ಕಾರ್ಯಕ್ರಮವೇ ದುಡ್ಡು ಹಾಕಿ, ಸಹಜ ತೊರೆಗಳನ್ನೂ ತೋಡಿದವನ್ನೂ ಅಕ್ಕಪಕ್ಕ ಇಟ್ಟು ಅಳೆಯಿಸಿತು. ಆಳದ ಪಾತ್ರಗಳಿಗೆ ಅವರು ಇಟ್ಟುಕೊಂಡ ಮಿತಿ, ಎರಡು ವರ್ಷಕ್ಕೊಮ್ಮೆ ಬರುವ ಪ್ರವಾಹಕ್ಕೆ ಸುಮಾರು 60 ವ್ಯಾಟ್, 50 ವರ್ಷಕ್ಕೊಮ್ಮೆ ಬರುವಂಥದಕ್ಕೆ ಸುಮಾರು 150. ನಮ್ಮ ಮಣ್ಣಿಗೆ ಅದನ್ನು ಹಾಗೆಯೇ ತಂದು ಅಂಟಿಸುವುದು ಸರಿಯಲ್ಲ, ನಮ್ಮ ಹಳ್ಳಗಳನ್ನೇ ಅಳೆದು ನಮ್ಮ ಮಿತಿ ಕಂಡುಕೊಳ್ಳಬೇಕು. ಆದರೂ 126 ಮತ್ತು 196ರ ನಡುವೆ 150 ಕೂತಿರುವುದನ್ನು ನೋಡಿದಾಗ, ಶನಿವಾರ ಕಂಡ ನೇತಾಡುವ ಬೇರುಗಳಿಗೆ ಲೆಕ್ಕದಲ್ಲೂ ಕಾರಣ ಸಿಕ್ಕಿತು.

ಹುಡುಗ ಕೇಳಿದ, "ಅಷ್ಟು ದುಡ್ಡಿರೋರು ಮಾಡಿದ್ದು ಚೆನ್ನಾಗೇ ನಿಂತಿರುತ್ತೆ ಅಲ್ವಾ ಸಾರ್?"

ಮೇಷ್ಟ್ರು ಯಲೋರ್ನ್ ಕಥೆ ಹೇಳಿದರು. ಅದೇ ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಮೋರ್ವೆಲ್ ಎಂಬ ನದಿಯನ್ನು ಯಲೋರ್ನ್ ಕಲ್ಲಿದ್ದಲು ಗಣಿಯ ನಡುವೆ, ಅಗೆದು ಬಿಟ್ಟ ನೆಲದ ಮೇಲೆ ಮಣ್ಣಿನ ಏರಿ ಕಟ್ಟಿ ಹಾಯಿಸಿದರು. 2005ರಲ್ಲಿ ಕೆಲಸ ಮುಗಿಯಿತು. 2012ರ ಜೂನ್‌ನಲ್ಲಿ ಜೋರು ಮಳೆಗೆ ಏರಿ ಕುಸಿದು ನದಿಗೆ ನದಿಯೇ ಗಣಿಯೊಳಗೆ ನುಗ್ಗಿತು. ಪಕ್ಕದ ವಿದ್ಯುತ್ ಸ್ಥಾವರದ ಉತ್ಪಾದನೆ ಬಿದ್ದುಹೋಯಿತು. ಸರಿಪಡಿಸಿದ ಮೇಲೂ 2021ರ ಜೂನ್‌ನಲ್ಲಿ ಮತ್ತೆ ಬಿರುಕು ಬಿಟ್ಟು ತುರ್ತುಕ್ರಮ ಕೈಗೊಳ್ಳಬೇಕಾಯಿತು. ಅದೇ ದೇಶದ ಉತ್ತರದಲ್ಲಿ ಮೆಕಾರ್ಥರ್ ನದಿಯನ್ನು ಸತು-ಸೀಸದ ಗಣಿಗಾಗಿ ಐದೂವರೆ ಕಿಲೋಮೀಟರ್ ಸರಿಸಿದ್ದಾರೆ. ಆ ನೆಲದ ಮೂಲನಿವಾಸಿಗಳು ಕೋರ್ಟಿಗೆ ಹೋದರೂ ನದಿ ಸರಿಸುವುದು ತಪ್ಪಲಿಲ್ಲ. ಅಲ್ಲಿ ತೊಂದರೆ ಕೊಟ್ಟದ್ದು ದಡದ ಹಸಿರು. ಕಡಿದ ಬಂಡೆಯ ದಡದಲ್ಲಿ ಗಿಡ ಹಿಡಿಯುವುದು ನಿಧಾನವಾಯಿತು, ಮೀನಿಗೆ ತಂಗಲು ಜಾಗವಿಲ್ಲವೆಂದು ದೊಡ್ಡ ದೊಡ್ಡ ಮರದ ದಿಮ್ಮಿಗಳನ್ನು ತಂದು ಪಾತ್ರದೊಳಗೆ ಇಡಬೇಕಾಯಿತು. ನಮ್ಮ ನೆರೆಯ ತಮಿಳುನಾಡಿನ ನೈವೇಲಿಯಲ್ಲಿ ಲಿಗ್ನೈಟಿಗಾಗಿ ಪರವನಾರು ಎಂಬ ನದಿಯನ್ನು ಸರಿಸುವಾಗ, 2023ರ ಜುಲೈನಲ್ಲಿ, ನಿಂತ ಬೆಳೆಯ ಮೇಲೆ ಯಂತ್ರ ಹಾಯಿಸಿ ಗಲಾಟೆಯಾದದ್ದನ್ನು ಹುಡುಗನೂ ಟಿವಿಯಲ್ಲಿ ನೋಡಿದ್ದ.

ಇವೆಲ್ಲವನ್ನೂ ಸೇರಿಸಿ ನೋಡಿದರೆ ನನಗೆ ಒಂದು ವಿಷಯ ಎದ್ದು ಕಾಣುತ್ತದೆ. ಗಣಿಯ ಆಯಸ್ಸು ಇಪ್ಪತ್ತು ಮೂವತ್ತು ವರ್ಷ. ಪಾತ್ರ ಸರಿಸುವವರು ಅಷ್ಟು ವರ್ಷ ಅದಿರು ಅಗೆಯುವ ಪಿಟ್ಟಿನೊಳಗೆ ನೀರು ಬರದಿದ್ದರೆ ಸಾಕೆಂದು ತೋಡುತ್ತಾರೆ. ಹಳ್ಳ ಹರಿಯಬೇಕಾದದ್ದು ಅದಾದ ಮೇಲೂ. ಕ್ವೀನ್ಸ್‌ಲ್ಯಾಂಡಿನ ಮಾರ್ಗಸೂಚಿ, ಶಾಶ್ವತವಾಗಿ ಸರಿಸಿದ ಪಾತ್ರ ಆ ಸೀಮೆಯ ಬೇರೆ ತೊರೆಗಳಂತೆಯೇ ಯಾರ ಆರೈಕೆಯೂ ಇಲ್ಲದೆ ತಾನಾಗಿ ಬಾಳುವಂತಿರಬೇಕು ಎನ್ನುತ್ತದೆ. ಅಲ್ಲಿಯವರೂ ಅದನ್ನು ಪೂರ್ತಿ ಸಾಧಿಸಿಲ್ಲ. ಆದರೆ ಗುರಿಯನ್ನು ಬರೆದಿಟ್ಟಿದ್ದಾರೆ, ನಮ್ಮಲ್ಲಿ ಅದನ್ನು ಬರೆಯುವ ಕೆಲಸವೂ ಆಗಬೇಕಿದೆ.

ರಾತ್ರಿ ಹನ್ನೊಂದರವರೆಗೆ ಕೂತು ಹೊಸ ಗೆರೆ ಎಳೆದೆವು. ಡಂಪಿನ ಆಚೆ ಸಿಗುವ ಜಾಗದಲ್ಲಿ ತಿರುವು ಕೊಟ್ಟರೆ ಉದ್ದ 1,150 ಮೀಟರಿಗೆ ಬರುತ್ತದೆ. ಹಳೆಯ ಇಳಿಜಾರನ್ನೇ ಇಟ್ಟುಕೊಂಡರೆ ಅಷ್ಟು ಉದ್ದಕ್ಕೆ ಇಳಿಯುವುದು 7.4 ಮೀಟರ್. ಮಿಕ್ಕ 1.6 ಮೀಟರನ್ನು ನಾಲ್ಕು ಕಡೆ, 40 ಸೆಂಟಿಮೀಟರಿನ ಕಲ್ಲಿನ ಇಳಿತಗಳಾಗಿ ಹಂಚಬೇಕು. ಇಳಿತಗಳಿಗೆ ಸಿಮೆಂಟ್ ಇಲ್ಲ. ದಪ್ಪ ಕಲ್ಲು, ನಡುವೆ ಸಣ್ಣ ಕಲ್ಲು, ಸಂದಿಗೆ ಮಣ್ಣು ಮತ್ತು ಲಾವಂಚದ ಬುಡ. ಪಾತ್ರದ ಅಗಲ 16 ಮೀಟರ್. ಅದರೊಳಗೆ ದಿನನಿತ್ಯದ ಸಣ್ಣ ಹರಿವಿಗೆ ಮೂರು ಮೀಟರಿನ ಚಿಕ್ಕ ಪಾತ್ರ, ಎರಡು ಬದಿಗೆ ಪ್ರವಾಹ ಬಂದಾಗ ಹರಡಿಕೊಳ್ಳಲು ತಗ್ಗಿನ ಹಾಸು. ಹೀಗೆ ಮಾಡಿದರೆ ಅದೇ 20 ಘನ ಮೀಟರಿಗೆ ಶಕ್ತಿ 80 ವ್ಯಾಟಿನ ಒಳಗೆ ಬರುತ್ತದೆ.

ಸೋಮವಾರ

ಸುಣ್ಣದ ಪುಡಿಯ ಎರಡು ಚೀಲ, ಗೂಟ, ಸುತ್ತಿಗೆ ತಗೊಂಡು ಏಳಕ್ಕೇ ಹಳ್ಳಕ್ಕೆ ಬಂದೆವು. ಕಾಗದದ ಗೆರೆಯನ್ನು ನೆಲದ ಮೇಲೆ ಎಳೆದರೆ ಊರಿನವರಿಗೆ ಜಗಳ ಆಡುವುದಕ್ಕೂ ಒಪ್ಪುವುದಕ್ಕೂ ಏನಾದರೂ ಕಣ್ಣೆದುರು ಇರುತ್ತದೆ. ಹುಡುಗ ಮುಂದೆ ಸುಣ್ಣ ಚೆಲ್ಲುತ್ತ ಹೋದ. ಹಿಂದೆ ಹದಿನೈದು ಇಪ್ಪತ್ತು ಜನ, ಹೆಸರು ಬಿಡಿಸಲು ಹೊರಟಿದ್ದ ಹೆಂಗಸರೂ ಸೇರಿ.

ಎರಡನೆಯ ತಿರುವು ಒಬ್ಬ ಅಣ್ಣನ ತೋಟದ ಅಂಚಿನ ತೆಂಗಿನ ಸಾಲಿಗೆ ತಾಗಿತು. ಅವರು ಗೆರೆಯ ಮೇಲೆ ನಿಂತುಬಿಟ್ಟರು. "ಮೇಡಂ, ಗಣಿಗೆ ಅಂತ ಹಳ್ಳ ಸರಿಸಿದ್ರು. ಈಗ ಹಳ್ಳಕ್ಕೆ ಅಂತ ನಾನ್ ಸರೀಬೇಕಾ?" ಎಂದರು. ಅದಕ್ಕೆ ಎದುರುತ್ತರ ನನ್ನಲ್ಲಿ ಇರಲಿಲ್ಲ, ಅವರ ಮಾತು ನ್ಯಾಯವಾದದ್ದು. ಗೆರೆಯನ್ನು ಡಂಪಿನ ಕಡೆಗೆ ತಳ್ಳಿದೆವು. ಆಗ ತಿರುವಿನ ಹೊರ ಅಂಚು, ಅಂದರೆ ನೀರು ಬಂದು ಬಡಿಯುವ ಬದಿ, ಡಂಪಿನ ಬುಡಕ್ಕೆ ಬಿತ್ತು. ಅದನ್ನು ಒಪ್ಪುವಂತಿಲ್ಲ. ಕೊನೆಗೆ ಮೇಷ್ಟ್ರು ಡಂಪಿನ ಕೆಳಗಿನ ಬೆಂಚಿನ, ಅಂದರೆ ಮೆಟ್ಟಿಲಿನ, ಮಣ್ಣನ್ನೇ ಒಂದಿಷ್ಟು ಎತ್ತಿ ಪಿಟ್ಟಿನ ಅಗೆದು ಮುಗಿದ ಭಾಗಕ್ಕೆ ಹಾಕಿಸಬೇಕು, ಆಗ ಬುಡ ಹಿಂದಕ್ಕೆ ಸರಿಯುತ್ತದೆ ಎಂದರು. ಖರ್ಚು ಗಣಿಯವರದು. ವರದಿಯಲ್ಲಿ ಹಾಗೆಯೇ ಬರೆಯುತ್ತೇನೆ, ಅವರು ಒಪ್ಪಲಿ ಬಿಡಲಿ. ತೆಂಗಿನ ಸಾಲು ಉಳಿಯಿತು.

ಗಿಡದ ಮಾತು ಬಂದಾಗ ಹೆಂಗಸರು ಮುಂದೆ ಬಂದರು. ಅರಣ್ಯ ಇಲಾಖೆಯ ಅಕೇಶಿಯಾ ಬೇಡ, ಬಳ್ಳಾರಿ ಜಾಲಿ ಹಾಕದಿದ್ದರೂ ಬರುತ್ತದೆ, ಬಂದದ್ದನ್ನು ಕೀಳಬೇಕು. ನೀರಿನ ಅಂಚಿಗೆ ಲಾವಂಚ, ಗರಿಕೆ, ಲಕ್ಕಿಯ ಕಡ್ಡಿ. ಮೇಲಿನ ಹಾಸಿಗೆ ಹೊಂಗೆ, ನೇರಳೆ, ಅತ್ತಿ, ಈಚಲು. ಲಕ್ಕಿಯನ್ನು ಮೇಕೆ ಬಾಯಿಗೆ ಹಾಕಲ್ಲ, ಹಾಗಾಗಿ ಅದೇ ಮೊದಲು ಎಂದು ಒಬ್ಬ ಅಜ್ಜಿ ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ. ಹೊಸ ದಡಕ್ಕೆ ಹೊದಿಸಲು ತೆಂಗಿನ ನಾರಿನ ಬಲೆ ಬೇಕು. ಅದು ಎರಡು ಮೂರು ವರ್ಷ ಮಣ್ಣು ಹಿಡಿದಿಟ್ಟು ಆಮೇಲೆ ತಾನೇ ಮಣ್ಣಾಗುತ್ತದೆ, ಅಷ್ಟರಲ್ಲಿ ಬೇರು ಇಳಿದಿರುತ್ತದೆ. ನಾರು ಬಿಡಿಸುವ ಘಟಕಗಳಿಗೆ ಈ ಕಡೆ ಕೊರತೆಯಿಲ್ಲ. ಮೇಲ್ಮಣ್ಣಿನದು ಕಷ್ಟ. ಗಣಿ ಶುರುವಾದಾಗ ತೆಗೆದ ಮೇಲ್ಮಣ್ಣನ್ನು ಪ್ರತ್ಯೇಕ ರಾಶಿ ಹಾಕಿ ಇಟ್ಟಿದ್ದರೆ ಇವತ್ತು ದಡಕ್ಕೆ ಹರಡಬಹುದಿತ್ತು. ಅದು ಡಂಪಿನಲ್ಲಿ ಬೆರೆತುಹೋಗಿದೆ. ಅದರ ಬದಲು ಕೆರೆಯ ಗುಂಡಿಯಲ್ಲಿ ಕೆಂಪಿನ ಕೆಳಗೆ ಕಂಡ ಕಪ್ಪು ಗೋಡನ್ನು ತರಿಸಬಹುದು. ಕೆರೆಯ ಬಾಲವೂ ಅಷ್ಟು ಚೊಕ್ಕಟವಾಗುತ್ತದೆ.

ಹನ್ನೊಂದಕ್ಕೆ ಹುಣಸೆ ಮರದ ಕೆಳಗೆ ಎಲ್ಲರೂ ಕೂತಾಗ ನೀರುಗಂಟಿ ತಾತ ಕೇಳಿದರು: "ಎಲ್ಲಾ ಸರಿ ತಾಯಿ. ಗಣಿಯೋರು ಗೇಟು ಹಾಕ್ಕೊಂಡು ಹೋದ್ಮ್ಯಾಕೆ ಆ ಕಲ್ಲು ಜರುಗಿದ್ರೆ ನಾವ್ ಯಾರ್ನ ಕೇಳೋದು?"

ಶುಕ್ರವಾರ ರಾತ್ರಿ ನಕ್ಷೆ ನೋಡಿದಾಗಿನಿಂದ ನನ್ನ ತಲೆಯಲ್ಲಿದ್ದದ್ದೂ ಅದೇ. ಹೊಸ ಪಾತ್ರ ಯಾವ ದಾಖಲೆಯಲ್ಲೂ ಇಲ್ಲ. ದಾಖಲೆಯಲ್ಲಿ ಇಲ್ಲದ ಹಳ್ಳಕ್ಕೆ ಪಂಚಾಯ್ತಿ ದುಡ್ಡು ಹಾಕುವಂತಿಲ್ಲ, ಒತ್ತುವರಿಯಾದರೆ ತೆರವು ಮಾಡಿಸುವಂತಿಲ್ಲ, ನಾಳೆ ಯಾರಾದರೂ ಮುಚ್ಚಿ ಬೇಲಿ ಹಾಕಿದರೆ ತಹಶೀಲ್ದಾರರ ಮುಂದೆ ಹಿಡಿಯಲು ಒಂದು ಕಾಗದವಿರುವುದಿಲ್ಲ. ಹಾಗಾಗಿ ವರದಿಯ ಮೊದಲ ಶಿಫಾರಸು ಕಲ್ಲಿನದೂ ಅಲ್ಲ, ಗಿಡದ್ದೂ ಅಲ್ಲ. ಈ 1,150 ಮೀಟರ್ ಉದ್ದ, 16 ಮೀಟರ್ ಅಗಲ, ಜೊತೆಗೆ ಎರಡೂ ದಡದಲ್ಲಿ ಓಡಾಡುವಷ್ಟು ಅಂಚನ್ನು ಅಳತೆ ಮಾಡಿಸಿ, ಗ್ರಾಮ ನಕ್ಷೆಯಲ್ಲಿ ಗುರುತಿಸಿ, ಬಿ ಖರಾಬು ಎಂದು ಪಹಣಿಗೆ ಏರಿಸಬೇಕು. ಗುತ್ತಿಗೆ ಮುಗಿಯುವ ಮೊದಲೇ ಇದು ಆಗಬೇಕು. ತಾತನಿಗೆ ಇದನ್ನು ಬಿಡಿಸಿ ಹೇಳಿದೆ. "ಬರ್ದು ಕೊಡಿ, ಗ್ರಾಮಸಭೇಲಿ ನಾವೇ ಎತ್ತೀವಿ" ಎಂದು ಪಂಚಾಯ್ತಿ ಸದಸ್ಯೆಯಾಗಿರುವ ಅಕ್ಕ ನನ್ನ ಪುಸ್ತಕದ ಹಾಳೆ ಹರಿಸಿಕೊಂಡರು. ಸರ್ವೆ ನಂಬರುಗಳನ್ನು ಅವರ ಎದುರೇ ಬರೆದುಕೊಟ್ಟೆ.

ಮಧ್ಯಾಹ್ನದೊಳಗೆ ಏಳು ಕಡೆ ದಡದ ಎರಡೂ ಬದಿಗೆ ಕಲ್ಲು ನೆಟ್ಟು, ನಡುವೆ ದಾರ ಎಳೆದು, ಮೀಟರಿಗೊಂದರಂತೆ ತಳದ ಮಟ್ಟ ಬರೆದೆವು. ಉತ್ತರೆ, ಹಸ್ತ ಮಳೆಗಳು ಮುಗಿದ ಮೇಲೆ ಅದೇ ಕಲ್ಲುಗಳ ನಡುವೆ ಮತ್ತೆ ಅಳೆದರೆ ಈ ವರ್ಷ ಹಳ್ಳ ಎಷ್ಟು ಕೊರೆಯಿತು, ಎಷ್ಟು ತುಂಬಿತು ಎಂದು ತಿಳಿಯುತ್ತದೆ. ಹುಡುಗ ಆ ಅಳತೆಯನ್ನು ಊರಿನ ಹೈಸ್ಕೂಲು ಮಕ್ಕಳಿಗೂ ಕಲಿಸಿದ. ಮೂರು ಜನ ದಾರ ಹಿಡಿದರು, ಒಬ್ಬಳು ಹುಡುಗಿ ಸ್ಟಾಫ್ ಓದಿದಳು, ನಾಲ್ಕನೆಯ ಕಲ್ಲಿನ ಹತ್ತಿರ ಅವಳ ಓದಿಗೂ ನನ್ನದಕ್ಕೂ ಒಂದು ಸೆಂಟಿಮೀಟರ್ ವ್ಯತ್ಯಾಸ ಬಂತು. ಇಬ್ಬರೂ ಮತ್ತೆ ಓದಿದೆವು. ಅವಳದ್ದನ್ನೇ ಬರೆದುಕೊಂಡೆ.